ಇನ್ನೂರ ಎಂಟು ಮುಖದ ಫ್ಲೆಕ್ಸು

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಕಂಪ್ಯೂಟರು ಮೂರನೆಯ ಸಲ ಕಲ್ಲಾಗಿ ಕೂತಾಗ ನಟರಾಜ ಮೌಸನ್ನು ಎತ್ತಿ ಗೋಡೆಗೆ ಬೀಸಿದ. ವೈರು ಜಗ್ಗಿ ಅದು ಅರ್ಧ ದಾರಿಯಲ್ಲೇ ತಿರುಗಿ ಬಂದು ಅವನ ಮೊಣಕೈಗೇ ಬಡಿಯಿತು. ಸಿಟ್ಟು ಇನ್ನೊಂದು ಮೆಟ್ಟಿಲು ಏರಿತು. ಪರದೆಯ ಮೇಲೆ ಸಣ್ಣ ಉಂಗುರವೊಂದು ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇತ್ತು.

ತಿ. ನರಸೀಪುರದ ಬಸ್ ಸ್ಟ್ಯಾಂಡಿನ ಹತ್ತಿರ ಇರುವ ಆ ಅಂಗಡಿಯ ಹೆಸರು ನಟರಾಜ್ ಆರ್ಟ್ಸ್. ಮೊದಲು ಅಲ್ಲಿ ಬಣ್ಣದ ಡಬ್ಬ, ಬ್ರಷ್ಷು, ಸೀಮೆಎಣ್ಣೆಯ ವಾಸನೆ ತುಂಬಿರುತ್ತಿತ್ತು. ನಟರಾಜ ಬೋರ್ಡು ಬರೆಯುವವನಾಗಿದ್ದ. ಗೊಬ್ಬರದ ಜಾಹೀರಾತು, ಶಾಲೆಯ ಹೆಸರು, ಬೀಡಿಯ ಚಿತ್ರ, ಸುತ್ತಲಿನ ಯಾವ ಊರಿನ ಗೋಡೆ ನೋಡಿದರೂ ಅವನ ಕೈಯೇ ಕಾಣುತ್ತಿತ್ತು. ಆಮೇಲೆ ಫ್ಲೆಕ್ಸು ಬಂತು, ಬ್ರಷ್ಷು ಒಣಗಿತು. ನಲವತ್ತು ದಾಟಿದ ಮೇಲೆ ಅವನು ಬೈದುಕೊಂಡೇ ಮೌಸು ಹಿಡಿಯುವುದನ್ನು ಕಲಿತ. ಈಗ ಅವನು ಡಿಸೈನ್ ಮಾಡಿ ಮೈಸೂರಿನ ಪ್ರಿಂಟಿಂಗ್ ಅಂಗಡಿಗೆ ಕಳಿಸುತ್ತಾನೆ. ಅವರು ಅಚ್ಚು ಹೊಡೆದು ಬಸ್ಸಿಗೆ ಹಾಕುತ್ತಾರೆ.

ಈ ಸಲದ ಫ್ಲೆಕ್ಸು ಬೇರೆಯವರದ್ದಲ್ಲ, ಅವನ ಸ್ವಂತ ಊರಾದ ಹದಿನಾರಿನದು, ಅದರಲ್ಲೂ ಅವನ ಬೀದಿಯದು. ಬೀದಿಯವರು ಕಲ್ಲು ಹೊತ್ತು, ಮರಳು ಜರಡಿ ಹಿಡಿದು, ವಾರಕ್ಕೊಂದು ದಿನ ಕೂಲಿ ಬಿಟ್ಟು ಒಂದು ಸಮುದಾಯ ಭವನ ಕಟ್ಟಿಕೊಂಡಿದ್ದರು. ಮಂಗಳವಾರ ಬೆಳಿಗ್ಗೆ ಅದರ ಬಾಗಿಲು ತೆಗೆಯುವುದು. ಮುಂದಿನ ಗೋಡೆಗೆ ಮೂವತ್ತಡಿ ಉದ್ದ, ಹತ್ತಡಿ ಎತ್ತರದ ಫ್ಲೆಕ್ಸು ಬೇಕೆಂದು ಕಮಿಟಿ ಹೇಳಿತ್ತು.

ಅದರಲ್ಲಿ ಯಾರ ಮುಖ ಇರಬೇಕು ಎಂಬುದೇ ದೊಡ್ಡ ಮಾತಾಯಿತು. ಕಮಿಟಿಯ ಅಧ್ಯಕ್ಷ ಕುಮಾರ, ಐದು ಜನ ಪದಾಧಿಕಾರಿಗಳ ಫೋಟೊ ದೊಡ್ಡದಾಗಿ ಹಾಕಿಸೋಣ ಅಂದ. ನಟರಾಜನ ದೊಡ್ಡವ್ವ ಮರಿತಾಯಮ್ಮ ಆ ಸಭೆಯಲ್ಲಿ ಹಿಂದೆ ಕೂತಿದ್ದಳು. ಎಪ್ಪತ್ತು ದಾಟಿದ ಹೆಂಗಸು, ತಲೆಯ ಮೇಲೆ ಮರಳು ಹೊತ್ತವಳು. ಎದ್ದು ನಿಂತಳು.

"ಎಲ್ಲಾರ್ನೂ ಆಕ್ಬೇಕು ಕಣ್ಲಾ," ಎಂದಳು. "ನಮ್ ಮಕ ನಾವು ಸತ್ತಾಗ ತಾನೆ ಪ್ಲೆಕ್ಸಿಗೆ ಬರಾದು? ಅದ್ನ ನಾವು ನೋಡಾದ್ ಯಾವಾಗ?"

ಸಭೆ ನಕ್ಕಿತು. ಅವಳು ಹೇಳಿದ್ದು ನಿಜವೇ. ಆ ಬೀದಿಯ ಗಂಡಸರು ಇಷ್ಟು ವರ್ಷ ಏಣಿ ಹತ್ತಿ ಕಟ್ಟಿದ ಫ್ಲೆಕ್ಸಿನಲ್ಲೆಲ್ಲ ಬೇರೆಯವರ ಮುಖ. ಕಡೆಗೆ ಬುದ್ಧ ಮತ್ತು ಬಾಬಾಸಾಹೇಬರ ಚಿತ್ರ ಎಡಗಡೆ ದೊಡ್ಡದಾಗಿ, ಉಳಿದಂತೆ ದುಡಿದ ಇನ್ನೂರ ಎಂಟು ಜನರ ಮುಖ, ಒಂದಕ್ಕಿಂತ ಒಂದು ಒಂದಿಂಚೂ ದೊಡ್ಡದಿರಕೂಡದು ಎಂದು ತೀರ್ಮಾನವಾಯಿತು. ಕುಮಾರ ಒಪ್ಪಿದ, ಆದರೆ ಒಂದು ಕೊಕ್ಕೆ ಹಾಕಿದ: ಸೋಮವಾರ ಸಂಜೆ ಐದರೊಳಗೆ ಫೈಲು ಮೈಸೂರಿಗೆ ಹೋಗದಿದ್ದರೆ ಐದು ಜನರ ಫ್ಲೆಕ್ಸೇ ಗತಿ. ಮಾಡಿಯೇ ತೀರುತ್ತೇನೆ ಅಂತ ನಟರಾಜ ದೊಡ್ಡವ್ವನ ಮುಂದೆ ಮಾತು ಕೊಟ್ಟಿದ್ದ.

ಈಗ ನೋಡಿದರೆ ಕಂಪ್ಯೂಟರು ಇನ್ನೂರ ಎಂಟು ಜನರನ್ನು ಹೊರಲಾರದೆ ಬೆಳಿಗ್ಗೆಯಿಂದ ಮೂರು ಸಲ ಕುಸಿದಿತ್ತು.

ನಟರಾಜ ಪ್ಲಗ್ಗು ಕಿತ್ತು, ಕಂಪ್ಯೂಟರಿನ ಡಬ್ಬವನ್ನು ಗೋಣಿಚೀಲಕ್ಕೆ ಇಳಿಸಿ, ಬಾಯಿ ಕಟ್ಟಿ ನಂಜನಗೂಡಿನ ಬಸ್ಸು ಹತ್ತಿದ. ಕಂಡಕ್ಟರು ಚೀಲವನ್ನು ಕಾಲಲ್ಲಿ ಮುಟ್ಟಿ, ಕೋಳಿಯಾ ಅಂತ ಕೇಳಿದ. ಕೋಳಿಯಾಗಿದ್ದರೆ ಇಷ್ಟೊತ್ತಿಗೆ ಕುಯ್ದು ಸಾರು ಮಾಡಿರುತ್ತಿದ್ದೆ ಅಂದ ನಟರಾಜ. ಬಸ್ಸಿನಲ್ಲಿ ಆಮೇಲೆ ಯಾರೂ ಅವನನ್ನು ಮಾತಾಡಿಸಲಿಲ್ಲ.

ನಂಜನಗೂಡಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ರಘು ಮೂವತ್ತರ ಆಸುಪಾಸಿನವನು, ಮಾತು ಕಡಿಮೆ. ಚೀಲ ಬಿಚ್ಚಿ ನೋಡಿ, ಇಡೀ ಡಬ್ಬ ಹೊತ್ತು ತಂದದ್ದಕ್ಕೆ ನಕ್ಕ. ತನ್ನ ಪರದೆಗೆ ಸಿಕ್ಕಿಸಿ ಫೈಲು ತೆಗೆದ. ಪಕ್ಕದಲ್ಲಿ ಇನ್ನೊಂದು ಸಣ್ಣ ಕಿಟಕಿ ತೆರೆದು ತೋರಿಸಿದ. ಅದರಲ್ಲಿ ನೀಲಿ ಬಣ್ಣದ ಒಂದು ಗೆರೆ, ಬಾವಿಯಲ್ಲಿ ನೀರು ಏರಿದ ಹಾಗೆ ಮೇಲೇರಿ ಅಂಚಿಗೆ ಬಂದು ನಿಂತಿತು.

"ನೋಡಿ ಅಣ್ಣ, ಮೆಮೊರಿ ತೊಂಬತ್ತೇಳು ಪರ್ಸೆಂಟ್ ತುಂಬೋಯ್ತು. ಮಿಷನ್‌ಗೆ ಏನೂ ಆಗಿಲ್ಲ. ಉಸಿರಾಡೋಕೆ ಜಾಗ ಇಲ್ಲ ಅಷ್ಟೆ."

ಇಷ್ಟು ವರ್ಷದಲ್ಲಿ ಆ ಗೆರೆಯನ್ನು ನಟರಾಜ ನೋಡಿಯೇ ಇರಲಿಲ್ಲ. ಸಿಟ್ಟು ಎಲ್ಲಿಗೋ ಹೋಯಿತು. ಸ್ಟೂಲು ಎಳೆದುಕೊಂಡು ಹತ್ತಿರ ಕೂತ. ತುಂಬಿ ಮಿಕ್ಕಿದ್ದನ್ನು ಅದು ಎಲ್ಲಿ ಇಡುತ್ತದೆ ಎಂದು ಕೇಳಿದ. ಹಾರ್ಡ್ ಡಿಸ್ಕಿನಲ್ಲಿ ಇಡುತ್ತದೆ, ಬೇಕಾದಾಗ ಅಲ್ಲಿಂದ ತರುತ್ತದೆ, ಡಿಸ್ಕು ನಿಧಾನ, ಅದಕ್ಕೇ ಈ ಉಂಗುರ ಸುತ್ತುವುದು ಎಂದ ರಘು. ಹಾಗಾದರೆ ಮೆಮೊರಿ ಅಂದರೆ ಏಣಿ ಮೇಲೆ ನಿಂತವನ ಸೊಂಟದ ಡಬ್ಬ, ಡಿಸ್ಕು ಅಂದರೆ ಕೆಳಗೆ ನೆಲದ ಮೇಲಿಟ್ಟ ಬಣ್ಣ, ಸೊಂಟದಲ್ಲಿ ಹಿಡಿಯದಿದ್ದದ್ದಕ್ಕೆಲ್ಲ ಇಳಿದು ಹತ್ತಬೇಕು, ಅಲ್ಲವಾ ಎಂದ ನಟರಾಜ. ರಘು ಒಂದು ಕ್ಷಣ ಅವನನ್ನೇ ನೋಡಿ, ಹೌದು ಅಣ್ಣ ಅಂದ. ಪಾಪ, ಬೆಳಿಗ್ಗೆಯಿಂದ ಏಣಿ ಇಳಿಯುತ್ತ ಹತ್ತುತ್ತ ಇರುವವನಿಗೆ ಮೌಸು ಎಸೆದೆನಲ್ಲ ಅನ್ನಿಸಿತು ನಟರಾಜನಿಗೆ.

ಇನ್ನಷ್ಟು ಮೆಮೊರಿ ಹಾಕು ಅಂದ. ಇದರ ಮದರ್‌ಬೋರ್ಡಿನಲ್ಲಿ ಮೆಮೊರಿ ಹಾಕುವ ಜಾಗವೆಲ್ಲ ಭರ್ತಿಯಾಗಿದೆ, ಹೊಸ ಮಿಷನ್ನೇ ಬೇಕು, ಇವತ್ತಂತೂ ಆಗದ ಮಾತು ಎಂದ ರಘು. ಅಷ್ಟರಲ್ಲಿ ಅಂಗಡಿಗೆ ಇಬ್ಬರು ಬಂದರು. ರಘು ಏಳುತ್ತ, ಫೋಟೊಶಾಪಿನ ಒಳಗೆ ಪರ್ಫಾರ್ಮೆನ್ಸ್ ಅಂತ ಒಂದು ಪುಟವಿದೆ, ಮೆಮೊರಿಯಲ್ಲಿ ಅದಕ್ಕೆಷ್ಟು ಪಾಲು ಅಂತ ನೀವೇ ಗೊತ್ತು ಮಾಡಬಹುದು, ಏನಾದರೂ ಸುಧಾರಿಸೀತು ಎಂದಷ್ಟೇ ಹೇಳಿದ.

ನಟರಾಜ ಚೀಲ ಕಟ್ಟಿಕೊಂಡು ವಾಪಸು ಬರುವಾಗ ಹನ್ನೆರಡೂವರೆ. ಅಂಗಡಿಯ ಶಟರು ಎತ್ತಿ, ಊಟ ಬಿಟ್ಟು ಆ ಪುಟ ಹುಡುಕಿದ. ಏಳು ವರ್ಷದಿಂದ ಇದೇ ಸಾಫ್ಟ್‌ವೇರಿನಲ್ಲಿ ದುಡಿದವನು, ಆ ಪುಟಕ್ಕೆ ಕಾಲಿಟ್ಟದ್ದು ಒಂದೇ ಸಲ. ಅಲ್ಲಿ ಒಂದು ಗೆರೆ, ಗೆರೆಯ ಮೇಲೆ ಜಾರುವ ಒಂದು ಗುಂಡು. ಅರವತ್ತು ಪರ್ಸೆಂಟಿನಲ್ಲಿ ನಿಂತಿತ್ತು. ಕೊಡುವುದೇ ಆದರೆ ಧಾರಾಳವಾಗಿ ಕೊಡಬೇಕು ಎಂದುಕೊಂಡು ಗುಂಡನ್ನು ನೂಕಿ ನೂರಕ್ಕೆ ಮುಟ್ಟಿಸಿದ. ಫೋಟೊಶಾಪನ್ನು ಮುಚ್ಚಿ ಮತ್ತೆ ತೆರೆದ.

ಫೈಲು ಅರ್ಧ ತೆರೆದು ನಿಂತಿತು. ಈ ಸಲ ಉಂಗುರವೂ ಸುತ್ತಲಿಲ್ಲ. ಮೌಸಿನ ಬಾಣ ಅಲ್ಲಾಡಲಿಲ್ಲ. ಪರದೆಯ ಮೂಲೆಯಲ್ಲಿದ್ದ ಗಡಿಯಾರ ಕೂಡ ಒಂದು ಗಂಟೆ ನಾಲ್ಕು ನಿಮಿಷಕ್ಕೆ ನಿಂತುಬಿಟ್ಟಿತು. ಎಲ್ಲವನ್ನೂ ಕೊಟ್ಟರೂ ಸತ್ತುಬಿದ್ದಿತಲ್ಲ!

ಇನ್ನೊಂದು ದಿನವಾಗಿದ್ದರೆ ಕೀಬೋರ್ಡಿಗೆ ಗುದ್ದು ಬೀಳುತ್ತಿತ್ತು. ಆದರೆ ಈಗ ಅವನಿಗೆ ಇದು ಯಾಕೆ ಹೀಗಾಯಿತು ಎನ್ನುವುದೇ ದೊಡ್ಡದಾಗಿತ್ತು. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಯೋಚಿಸಿದ. ಗಡಿಯಾರ ಯಾಕೆ ನಿಂತಿತು? ಗಡಿಯಾರ ಫೋಟೊಶಾಪಿನದ್ದಲ್ಲವಲ್ಲ. ಅಂದರೆ ಗಡಿಯಾರ ಓಡಿಸುವುದಕ್ಕೂ, ಬಾಣ ಅಲ್ಲಾಡಿಸುವುದಕ್ಕೂ ಬೇರೆ ಯಾರೋ ಒಳಗೆ ದುಡಿಯುತ್ತಿದ್ದಾರೆ. ಅವರಿಗೂ ಜಾಗ ಬೇಕು. ಮದುವೆ ಮನೆಯಲ್ಲಿ ಒಂದು ಗೇಣೂ ಬಿಡದೆ ಎಲೆ ಹಾಕಿ ನೆಂಟರನ್ನು ಕೂರಿಸಿದರೆ ಬಡಿಸುವವನು ಎಲ್ಲಿ ಕಾಲಿಡಬೇಕು? ಊಟಕ್ಕೆ ಕೂತವರೆಲ್ಲ ಖಾಲಿ ಎಲೆ ನೋಡುತ್ತ ಕೂರಬೇಕಾಗುತ್ತದೆ. ತಾನು ಮಾಡಿದ್ದು ಅದನ್ನೇ.

ಕಂಪ್ಯೂಟರನ್ನು ಆರಿಸಿ ಹಚ್ಚಿದ. ಗುಂಡನ್ನು ಎಪ್ಪತ್ತಕ್ಕೆ ಇಳಿಸಿದ. ರಘು ತೋರಿಸಿದ ನೀಲಿ ಗೆರೆಯ ಕಿಟಕಿಯನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡ. ಫೈಲು ತೆರೆಯಿತು. ಗೆರೆ ಏರಿತು, ಆದರೆ ಅಂಚು ಮುಟ್ಟುವ ಮೊದಲೇ ನಿಂತಿತು. ಗಡಿಯಾರವೂ ನಡೆಯುತ್ತಿತ್ತು. ನಟರಾಜ ಒಬ್ಬನೇ ನಕ್ಕ.

ಅದೇ ಪುಟದಲ್ಲಿ ಇನ್ನೊಂದು ಅಂಕಿ ಅವನ ಕಣ್ಣಿಗೆ ಬಿತ್ತು. ಸಾವಿರ. ಅದನ್ನು ಹಾಕಿದವನು ಅವನೇ. ಈ ಪುಟಕ್ಕೆ ಹಿಂದೊಮ್ಮೆ ಬಂದದ್ದು ಅದಕ್ಕೇ. ಮಾಡಿದ ತಪ್ಪನ್ನು ಎಷ್ಟು ಹೆಜ್ಜೆ ಹಿಂದಕ್ಕೆ ಹೋಗಿ ಅಳಿಸಬಹುದು ಎನ್ನುವ ಲೆಕ್ಕ ಅದು. ಬೋರ್ಡು ಬರೆಯುತ್ತಿದ್ದಾಗ ಒಮ್ಮೆ ಅಕ್ಕಿ ಗಿರಣಿಯ ಗೋಡೆಯಲ್ಲಿ ಇಪ್ಪತ್ತಡಿ ಎತ್ತರದಲ್ಲಿ ಬರೆದ ಸಾಲು ಓರೆಯಾಗಿತ್ತು. ಅದನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜುತ್ತ ಇಡೀ ಒಂದು ದಿನ ಬಿಸಿಲಲ್ಲಿ ನಿಂತಿದ್ದ. ಕಂಪ್ಯೂಟರಿನಲ್ಲಿ ಎರಡು ಬೆರಳು ಒತ್ತಿದರೆ ತಪ್ಪು ಮಾಯವಾಗುತ್ತದೆ ಎಂದು ಗೊತ್ತಾದ ದಿನ ಅವನು ಅಂಗಡಿಯಲ್ಲಿ ಕುಣಿಯುವುದೊಂದು ಬಾಕಿ. ಎಷ್ಟು ಹೆಜ್ಜೆ ಬೇಕು ಅಂತ ಅದು ಕೇಳಿದಾಗ, ಅದು ಕೊಡುವಷ್ಟನ್ನೂ ಬರೆಸಿಕೊಂಡಿದ್ದ.

ಇವತ್ತು ಅದನ್ನು ಬೇರೆ ಕಣ್ಣಿನಲ್ಲಿ ನೋಡಿದ. ಹಿಂದಿನ ಹೆಜ್ಜೆಗೆ ಹೋಗಬೇಕಾದರೆ ಆ ಹೆಜ್ಜೆಯ ಚಿತ್ರವನ್ನು ಎಲ್ಲೋ ಇಟ್ಟುಕೊಂಡಿರಬೇಕಲ್ಲ? ಬರೆದು ಉಜ್ಜಿದ್ದೆಲ್ಲವನ್ನೂ ಇದು ಹೊತ್ತುಕೊಂಡೇ ಏಣಿ ಹತ್ತುತ್ತಿದೆಯಾ? ನಿಜವೋ ಸುಳ್ಳೋ ನೋಡೇಬಿಡೋಣ ಎಂದು ಸಾವಿರವನ್ನು ಅಳಿಸಿ ಇಪ್ಪತ್ತು ಹಾಕಿದ. ಆಮೇಲೆ ಅರ್ಧ ಗಂಟೆ ಅಕ್ಷರದ ಕೆಲಸ ಮಾಡುತ್ತ, ಒಂದು ಕಣ್ಣು ನೀಲಿ ಗೆರೆಯ ಮೇಲೇ ಇಟ್ಟ. ಬೆಳಿಗ್ಗೆ ರಘುವಿನ ಅಂಗಡಿಯಲ್ಲಿ ಕಂಡ ಹಾಗೆ ಅದು ಏರುತ್ತಲೇ ಹೋಗಲಿಲ್ಲ. ಏರಿತು, ಇಳಿಯಿತು, ಏರಿತು.

ಆದರೆ ಎರಡೂಮುಕ್ಕಾಲಿಗೆ ಪೂರ್ತಿ ಫೈಲನ್ನು ಉಳಿಸಲು ಹೋದಾಗ ಮತ್ತೆ ಉಂಗುರ ಸುತ್ತಲು ಶುರುವಾಯಿತು. ಆಗದು ಎಂಬ ಸಂದೇಶ ಬಂತು. ಐದಕ್ಕೆ ಇನ್ನು ಉಳಿದದ್ದು ಎರಡೂಕಾಲು ಗಂಟೆ. ಕುಮಾರ ಫೋನು ಮಾಡಿ ಐದು ಜನರದ್ದು ರೆಡಿ ಇಟ್ಟಿದ್ದೀಯಾ ಎಂದು ಕೇಳಿದ. ನಟರಾಜ ಫೋನು ಇಟ್ಟ.

ಏಣಿ ಸರಿಯಾಯಿತು, ಬಡಿಸುವವನಿಗೆ ಜಾಗವಾಯಿತು. ಇನ್ನು ಹೊರೆಯನ್ನೇ ನೋಡಬೇಕು. ಇಷ್ಟು ಭಾರ ಎಲ್ಲಿಂದ ಬಂತು? ಒಂದೊಂದು ಮುಖವೂ ಪರದೆಯ ಮೇಲೆ ಕಡಲೆಕಾಳಿನಷ್ಟಿದೆ. ದೊಡ್ಡವ್ವನ ಮುಖದ ಮೇಲೆ ಎರಡು ಸಲ ಒತ್ತಿ, ಅದರ ಒಳಗೇನಿದೆ ಎಂದು ತೆರೆದ.

ಒಳಗೆ ಇಡೀ ಫೋಟೊ ಇತ್ತು. ದೊಡ್ಡವ್ವ ಹಿತ್ತಲಲ್ಲಿ ನಿಂತಿದ್ದಳು. ಹಿಂದೆ ಎಮ್ಮೆ, ಎಮ್ಮೆಯ ಹಿಂದೆ ತಿಪ್ಪೆ, ತಿಪ್ಪೆಯ ಮೇಲೊಂದು ಹುಂಜ, ಹಗ್ಗದ ಮೇಲೆ ಒಣಹಾಕಿದ ಎರಡು ಸೀರೆ. ಫ್ಲೆಕ್ಸಿನಲ್ಲಿ ಕಾಣುವುದು ಮುಖ ಮಾತ್ರ. ಉಳಿದದ್ದು ಅಂಚಿನ ಹಿಂದೆ ಮರೆಯಾಗಿ ಕೂತಿತ್ತು. ಪಕ್ಕದವನದ್ದು ತೆರೆದ. ಅವನ ಹಿಂದೆ ಒಂದು ಟ್ರ್ಯಾಕ್ಟರು. ಇನ್ನೊಬ್ಬಳ ಹಿಂದೆ ಆಸ್ಪತ್ರೆಯ ಜಗಲಿ, ಮೂವರು ಅಪರಿಚಿತರು. ಜನರ ಫೋಟೊ ಕುಗ್ಗಿಸಿದರೆ ಮುಖ ಕೆಟ್ಟೀತು, ಬೀದಿಯವರು ಬೇಜಾರಾದಾರು ಎಂದು ಫೋನಿನಿಂದ ಬಂದದ್ದನ್ನೆಲ್ಲ ಅವನು ಇದ್ದ ಹಾಗೇ ಒಳಗಿಟ್ಟಿದ್ದ. ಕಂಪ್ಯೂಟರು ಇನ್ನೂರ ಎಂಟು ಮುಖದ ಜೊತೆಗೆ ಹದಿನಾರಿನ ಎಮ್ಮೆ, ಹುಂಜ, ಟ್ರ್ಯಾಕ್ಟರುಗಳನ್ನೆಲ್ಲ ಹೊತ್ತು ಏದುಸಿರು ಬಿಡುತ್ತಿತ್ತು.

ಕಾಣುವಷ್ಟನ್ನೇ ಉಳಿಸಿ, ಇಪ್ಪತ್ತಾರು ಮುಖದ ಒಂದು ಸಾಲನ್ನು ಒಂದೇ ಚಿತ್ರವಾಗಿ ಬೆಸೆದುಬಿಟ್ಟರೆ ಎಂಟು ಚಿತ್ರದಲ್ಲಿ ಕೆಲಸ ಮುಗಿಯುತ್ತದೆ. ಮೊದಲನೆಯ ಸಾಲು ಬೆಸೆದ. ನೀಲಿ ಗೆರೆ ಒಂದು ಗೇಣು ಇಳಿಯಿತು. ಎರಡನೆಯದು, ಮೂರನೆಯದು. ನಾಲ್ಕನೆಯ ಸಾಲಿಗೆ ಬಂದಾಗ ಕೈ ನಿಂತಿತು.

ಆ ಸಾಲಿನಲ್ಲಿ ನಾಲ್ಕು ಗುಲಾಬಿ ಹೂವಿದ್ದವು. ಕೆಳಗಿನ ಸಾಲುಗಳಲ್ಲಿ ಇನ್ನೂ ಏಳು. ಹೂವಿದ್ದಲ್ಲೆಲ್ಲ ಒಂದು ಜಗಳ. ನಾಲ್ಕು ವಾರದಿಂದ ಬೀದಿಯವರು ಒಬ್ಬೊಬ್ಬರಾಗಿ ಫೋನು ಮಾಡಿ, ಅವನ ಮುಖ ತೆಗಿ, ಇವಳ ಮುಖ ತೆಗಿ ಎನ್ನುತ್ತಿದ್ದರು. ಇವತ್ತು ಕಿತ್ತಾಡಿದವರು ನಾಳೆ ಒಂದೇ ಬೀಡಿ ಸೇದುತ್ತಾರೆಂದು ನಟರಾಜನಿಗೆ ಗೊತ್ತು. ಆದ್ದರಿಂದ ಯಾರ ಮುಖವನ್ನೂ ಅಳಿಸುತ್ತಿರಲಿಲ್ಲ. ಮೇಲೊಂದು ಗುಲಾಬಿ ಮುಚ್ಚಿ, ಆಯ್ತು ತೆಗೆದೆ ಅನ್ನುತ್ತಿದ್ದ. ರಾಜಿಯಾದರೆ ಹೂವು ಎತ್ತುತ್ತಿದ್ದ. ನಾಲ್ಕನೆಯ ಸಾಲಿನ ನಾಲ್ಕು ಹೂವಿನ ಕೆಳಗೆ ಗಾರೆ ಕೆಲಸದ ಸಣ್ಣಯ್ಯ, ಅವನ ಹೆಂಡತಿ ರಾಮಮ್ಮ, ಇಬ್ಬರು ಮಕ್ಕಳು ಇದ್ದರು. ಭವನದ ಗೋಡೆ ಎತ್ತಿದವನೇ ಸಣ್ಣಯ್ಯ. ಕುಮಾರ ಒಂದು ಇಟ್ಟಿಗೆಯನ್ನೂ ಮುಟ್ಟಲಿಲ್ಲ ಎಂದು ಸಭೆಯಲ್ಲಿ ಹೇಳಿದ್ದೇ ಅವನ ತಪ್ಪು. ಆ ಮುಖಗಳನ್ನು ತೆಗೆಯಲು ಹೇಳಿದವನು ಕುಮಾರನೇ.

ಬೆಸೆದರೆ ಆಯಿತು, ಆಮೇಲೆ ಹೂವು ಎತ್ತಲಾಗದು, ಮುಖವನ್ನು ಮುಚ್ಚಲಾಗದು. ಹೂವಿನ ಸಮೇತ ಬೆಸೆದರೆ ಹನ್ನೊಂದು ಜನ ಕೆಳಗೇ ಉಳಿದುಹೋಗುತ್ತಾರೆ. ಇದನ್ನು ತೀರ್ಮಾನಿಸಲು ನಾನ್ಯಾರು ಎಂದು ಅವನಿಗೆ ಅನ್ನಿಸಿತು. ದೊಡ್ಡವ್ವನಿಗೆ ಫೋನು ಮಾಡಿದ. ಅವಳು ಭವನದ ನೆಲ ಸಾರಿಸುತ್ತಿದ್ದಳು. ನಟರಾಜ ವಿಷಯ ಹೇಳಿದ.

"ಅನ್ನೊಂದ್ ಜನಾನ ಊವಿನ್ ಕೆಳಗೆ ಮಡಗಿದ್ದೀಯಾ?" ಎಂದಳು ಮರಿತಾಯಮ್ಮ. "ಊವ ಯಾರ್ಗಾಕ್ತಾರೆ ಅಂತ ಗೊತ್ತಿಲ್ವಾ ನಿಂಗೆ? ಎತ್ತು ಅದ."

ಇಷ್ಟು ದಿನ ಅದು ತನಗೇ ಹೊಳೆಯಲಿಲ್ಲವಲ್ಲ ಎಂದು ನಟರಾಜನಿಗೆ ನಾಚಿಕೆಯಾಯಿತು. ಒಂದೊಂದಾಗಿ ಹನ್ನೊಂದು ಹೂವನ್ನೂ ಕಿತ್ತು ಹಾಕಿದ. ಕೆಳಗಿನಿಂದ ಮುಖಗಳು ಎದ್ದುಬಂದವು. ಸಣ್ಣಯ್ಯ ಹಲ್ಲು ಬಿಟ್ಟುಕೊಂಡು ನಗುತ್ತಿದ್ದ. ಸಾಲು ಬೆಸೆದ. ಗೆರೆ ಇಳಿಯಿತು. ಎಂಟನೆಯ ಸಾಲು ಮುಗಿಯುವ ಹೊತ್ತಿಗೆ ನಾಲ್ಕೂಕಾಲು. ನೀಲಿ ಗೆರೆ ಎಷ್ಟು ಕೆಳಗೆ ಬಂದಿತ್ತೆಂದರೆ ಕಂಪ್ಯೂಟರಿನ ಫ್ಯಾನು ಸದ್ದು ನಿಲ್ಲಿಸಿ, ಹೊರಗೆ ಬಸ್ಸುಗಳ ಕೂಗು ಕೇಳತೊಡಗಿತು. ಫೈಲು ಎರಡೇ ನಿಮಿಷದಲ್ಲಿ ಉಳಿಯಿತು.

ಪ್ರಿಂಟಿಗೆ ಬೇಕಾದ ಚಿತ್ರ ತೆಗೆಯುತ್ತಿರುವಾಗ ಕುಮಾರ ಬೈಕಿನಲ್ಲಿ ಬಂದಿಳಿದ. ಐದು ಜನರ ಫೋಟೊ ಪೆನ್ ಡ್ರೈವಿನಲ್ಲಿ ತಂದಿದ್ದ. ಪರದೆ ನೋಡಿ ನಿಂತ. ಮೊದಲು ಅವನಿಗೆ ಕಂಡದ್ದು ಸಣ್ಣಯ್ಯನ ಹಲ್ಲು.

"ಇವುನ್ದು ತೆಗ್ದೆ ಅಂದಿದ್ದೆ ಕಣಣ್ಣ ನೀನು."

"ತೆಗ್ದಿರ್ಲಿಲ್ಲ. ಸುಳ್ಳೇಳ್ದೆ," ಎಂದ ನಟರಾಜ. "ಈಗ ತೆಗೀತೀನಿ ಅಂದ್ರೂ ಬರಾಕಿಲ್ಲ. ಸಾಲು ಪೂರ್ತಿ ಒಂದೇ ಚಿತ್ರ ಆಗೋಗದೆ. ಅವುನ್ನ ಕೀಳ್ಬೇಕಂದ್ರೆ ಇಪ್ಪತ್ತಾರ್ ಜನಾನೂ ಕೀಳ್ಬೇಕು. ಅದ್ರಲ್ಲಿ ನೀನೂ ಇದ್ದೀಯ."

ಕುಮಾರ ಪರದೆಯತ್ತ ಬಗ್ಗಿ ಕಣ್ಣು ಕಿರಿದು ಮಾಡಿದ.

"ನಾನೆಲ್ಲಿ?"

ನೀನೇ ಹುಡುಕಿಕೋ ಎಂದು ನಟರಾಜ ಮೈಸೂರಿಗೆ ಕಳಿಸುವ ಗುಂಡಿ ಒತ್ತಿದ. ನಾಲ್ಕು ಗಂಟೆ ನಲವತ್ತು ನಿಮಿಷ. ಕೆಳಗಡೆ ಒಂದು ಹಸಿರು ಪಟ್ಟಿ ಎಡದಿಂದ ಬಲಕ್ಕೆ ನಿಧಾನವಾಗಿ ತುಂಬತೊಡಗಿತು. ಕುಮಾರ ಕುರ್ಚಿ ಎಳೆದುಕೊಂಡು ಕೂತ. ಅಷ್ಟೊಂದು ಮುಖದಲ್ಲಿ, ಎಲ್ಲವೂ ಒಂದೇ ಅಳತೆಯಲ್ಲಿ, ತನ್ನದೇ ಮುಖ ತನಗೆ ಸಿಗುತ್ತಿಲ್ಲ. ನಟರಾಜ ಮುಖಗಳನ್ನು ಬೀದಿಯ ಬಾಗಿಲುಗಳ ಕ್ರಮದಲ್ಲೇ ಜೋಡಿಸಿದ್ದ. ಅದು ತಿಳಿದ ಮೇಲೆ ಕುಮಾರ ನಾಲ್ಕನೆಯ ಸಾಲಿನ ಎಡತುದಿಯಿಂದ ಬೆರಳಿಟ್ಟು ಮನೆ ಮನೆ ಹೆಸರು ಹೇಳುತ್ತ ನಡೆದ. ಮಹದೇವಮ್ಮನ ಮನೆ. ಮರಿಯಯ್ಯನ ಮನೆ. ಬೆರಳು ಸಣ್ಣಯ್ಯನ ಮುಖದ ಬಳಿ ನಿಂತಿತು, ಆಮೇಲೆ ರಾಮಮ್ಮ, ಇಬ್ಬರು ಮಕ್ಕಳನ್ನು ದಾಟಿತು. ಅದರ ಆಚೆ ಮನೆಯೇ ಅವನದು, ಸಾಲಿನ ಕಡೆಯ ಮುಖ.

"ಇದ್ಯಾವಾಗಿನ ಫೋಟೊ ಅಣ್ಣ?" ಎಂದ ಕುಮಾರ. "ಸಣ್ಣಗೆ ಕಾಣ್ತೀನಲ್ಲ."

ಎಲ್ಲರೂ ಅಷ್ಟೇ ಇದ್ದಾರೆ ಅಂದ ನಟರಾಜ. ಪಟ್ಟಿ ತುಂಬಿತು. ಫೈಲು ಬಂತು ಎಂದು ಮೈಸೂರಿನಿಂದ ಸಂದೇಶ ಬಂದಾಗ ಐದಕ್ಕೆ ಮೂರು ನಿಮಿಷ ಇತ್ತು. ಕುಮಾರ ಅದನ್ನು ಗಮನಿಸಲಿಲ್ಲ. ಅವನು ಈಗ ತನ್ನ ಹೆಂಡತಿ ವನಜಾಕ್ಷಿ ಎಲ್ಲಿದ್ದಾಳೆಂದು ಮುಂದಿನ ಸಾಲಿನಲ್ಲಿ ಹುಡುಕುತ್ತಿದ್ದ.